ಪಾಳಿ ದುಡಿಮೆ ಮತ್ತು ಆರೋಗ್ಯ: ಯಾದಗಿರಿ, ಶಹಾಪುರ, ಸುರಪುರ

ಹಗಲುರಾತ್ರಿಯನ್ನು ಸರದಿಯಂತೆ ಹಂಚಿಕೊಂಡು ಮಾಡುವ ಕೆಲಸವೇ ಪಾಳಿ ದುಡಿಮೆ. ಯಾದಗಿರಿ ಸಮೀಪದ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶದಲ್ಲಿ ಔಷಧ, ರಾಸಾಯನಿಕ ಘಟಕಗಳಿವೆ. ಇಂಥ ಘಟಕಗಳಲ್ಲಿ ಬ್ಯಾಚ್ ಶುರುವಾದರೆ ಕತ್ತಲಾಯಿತೆಂದು ನಿಲ್ಲಿಸಲಾಗದು. ವಾಡಿ–ರಾಯಚೂರು ನಡುವಿನ ಹಳಿಯಲ್ಲಿ ಗಾಡಿಗಳು ರಾತ್ರಿಯಿಡೀ ಓಡುತ್ತವೆ. ಆಸ್ಪತ್ರೆ, ಪೊಲೀಸ್ ಠಾಣೆಗಳಲ್ಲೂ ನೈಟ್ ಡ್ಯೂಟಿ ತಪ್ಪದು.

ದೇಹದ ಗಡಿಯಾರ ಮಿದುಳಿನ ಹೈಪೊಥಲಾಮಸ್‌ನಲ್ಲಿದ್ದು, ಕಣ್ಣಿಗೆ ಬೀಳುವ ಬೆಳಕಿನಿಂದ ಹೊತ್ತು ಸರಿಪಡಿಸಿಕೊಳ್ಳುತ್ತದೆ. ಈ ಗಡಿಯಾರದ ಜೀನ್‌ಗಳನ್ನು ಬಿಡಿಸಿ ತೋರಿಸಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು. ರಾತ್ರಿ ದೀಪದ ಬೆಳಕು ಮೆಲಟೋನಿನ್ ತಗ್ಗಿಸುತ್ತದೆ. ನಡುರಾತ್ರಿಯ ಊಟದ ಸಕ್ಕರೆಯನ್ನು ದೇಹ ಹಗಲಿನಷ್ಟು ಚೆನ್ನಾಗಿ ಅರಗಿಸಿಕೊಳ್ಳದು. ವರ್ಷಗಟ್ಟಲೆ ಹೀಗೆ ದುಡಿದವರಲ್ಲಿ ಸಕ್ಕರೆ ಕಾಯಿಲೆ, ಹೃದ್ರೋಗ, ಹೊಟ್ಟೆಯ ತೊಂದರೆ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2007ರಲ್ಲಿ, ಮತ್ತೆ 2019ರಲ್ಲಿ, ರಾತ್ರಿ ಪಾಳಿಯನ್ನು ಕ್ಯಾನ್ಸರ್‌ಗೆ ಕಾರಣವಾಗುವ ಸಂಭವವಿರುವ ಅಂಶಗಳ ಗುಂಪಿಗೆ ಸೇರಿಸಿತು.

ಈ ಭಾಗದಲ್ಲಿ ಇದಕ್ಕೆ ಬಿಸಿಲೂ ಕೂಡಿಕೊಳ್ಳುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಮಾಮೂಲು. ಪಾಳಿ ಮುಗಿಸಿ ಬಂದು ಮಲಗಿದವನನ್ನು ಹನ್ನೊಂದರ ಹೊತ್ತಿಗೆ ಕಾದ ತಗಡೇ ಎಬ್ಬಿಸುತ್ತದೆ. ಕರೆಂಟ್ ಹೋದರೆ ಫ್ಯಾನೂ ಇಲ್ಲ. ಹಗಲುನಿದ್ದೆ ಹೇಗೂ ಮೊಟಕು, ಬೇಸಿಗೆಯಲ್ಲಿ ಅದು ಬರೀ ತೂಕಡಿಕೆ.

ಲೆಕ್ಕಕ್ಕೆ ಸಿಗದ ಪಾಳಿಯೆಂದರೆ ರೈತರದು. ನಾರಾಯಣಪುರ ಎಡದಂಡೆ ಕಾಲುವೆಯಿಂದ ಸುರಪುರ, ಶಹಾಪುರದ ಹೊಲಗಳು ಭತ್ತದ ಗದ್ದೆಗಳಾದವು. ಕಾಲುವೆ ನೀರಿನ ಸರದಿ ನಡುರಾತ್ರಿ ಬಂದರೂ ಮಡೆ ತಿರುವಲು ಹೋಗಲೇಬೇಕು. ಬೋರ್‌ವೆಲ್ ನೆಚ್ಚಿದವರು ತ್ರೀ ಫೇಸ್ ಕರೆಂಟ್ ಯಾವಾಗ ಬಂದರೆ ಆವಾಗ ಎದ್ದು, ಟಾರ್ಚ್ ಹಿಡಿದು ಮೋಟಾರಿನ ಕಡೆ ನಡೆಯುತ್ತಾರೆ. ನಿದ್ದೆಗೇಡಿನ ಜೊತೆಗೆ ಹಾವಿನ ಭಯ. ಹಾವು ಕಡಿತದ ಪ್ರಕರಣಗಳನ್ನು ವರದಿ ಮಾಡುವುದನ್ನು ಕರ್ನಾಟಕ 2024ರಲ್ಲಿ ಕಡ್ಡಾಯಗೊಳಿಸಿತು.

ರೈತರ ಪಾಳಿ ಕಾನೂನಿನ ಕಣ್ಣಿಗೆ ಬೀಳಲಿಲ್ಲ, ಕಾರ್ಖಾನೆಯದು ಬಿತ್ತು. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿ, ಹೆಚ್ಚಿನ ದುಡಿಮೆಗೆ ಇಮ್ಮಡಿ ಕೂಲಿ ವಿಧಿಸಿತು. ಹೆಂಗಸರ ರಾತ್ರಿ ದುಡಿಮೆಯನ್ನು ತಡೆಯಿತು. 2023ರ ರಾಜ್ಯ ತಿದ್ದುಪಡಿ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿತು, ಷರತ್ತುಗಳೊಂದಿಗೆ ಹೆಂಗಸರಿಗೂ ರಾತ್ರಿ ಪಾಳಿ ತೆರೆಯಿತು. ದಣಿವಿನ ದೃಷ್ಟಿಯಿಂದ ನೋಡಿದರೆ 12 ಗಂಟೆಯ ಅವಕಾಶ ಹಿಂದಡಿಯೇ.

ಪಾಳಿಗಳನ್ನು ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲೇ ಮುಂದಕ್ಕೆ ಸರಿಸಿದರೆ ದೇಹ ಬೇಗ ಒಗ್ಗುತ್ತದೆ. ಪಾಳಿಯ ನಡುವೆ ಇಪ್ಪತ್ತು ನಿಮಿಷದ ನಿದ್ದೆ ಎಚ್ಚರವನ್ನು ಕಾಯುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ತಮ್ಮ ಪಾಳಿಯ ಹೊತ್ತನ್ನು ಡಾಕ್ಟರಿಗೆ ಹೇಳಬೇಕು. ಊಟದ ವೇಳೆ ಬದಲಾದರೆ ಔಷಧದ ವೇಳೆಯನ್ನೂ ಅವರು ಬದಲಿಸಿ ಬರೆದುಕೊಡಬೇಕಾಗುತ್ತದೆ.