ಲಿನಕ್ಸ್ ಅಪ್‌ಡೇಟ್ ಮಾಡಿದ ಮೇಲೆ ಪರದೆ ಕಪ್ಪಾಗುವುದೇಕೆ? ಎನ್‌ವಿಡಿಯಾ ಡ್ರೈವರ್ ತಕರಾರಿನ ಪೂರ್ತಿ ವಿವರ

ಲ್ಯಾಪ್‌ಟಾಪ್‌ಗೆ ಉಬುಂಟುವನ್ನೋ ಫೆಡೋರಾವನ್ನೋ ಹಾಕಿಕೊಂಡವರಲ್ಲಿ ಅನೇಕರಿಗೆ ಈ ಅನುಭವ ಗೊತ್ತು. ವಾರಗಟ್ಟಲೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಒಂದು ದಿನ ಅಪ್‌ಡೇಟ್ ಬಂದಿದೆ ಎಂಬ ಸೂಚನೆ ಕಾಣುತ್ತದೆ. ಒಪ್ಪಿಗೆ ಕೊಟ್ಟು ರೀಸ್ಟಾರ್ಟ್ ಮಾಡಿದರೆ ಲಾಗಿನ್ ಪರದೆಯೇ ಬರುವುದಿಲ್ಲ. ಕಪ್ಪು ಪರದೆ, ಅದರ ಮೂಲೆಯಲ್ಲಿ ಮಿನುಗುವ ಒಂದು ಗೆರೆ, ಅಷ್ಟೇ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್‌ಗಳಲ್ಲಿ ಈ ದೂರು ಹಳೆಯದು. ತಾವೇ ಏನೋ ಎಡವಟ್ಟು ಮಾಡಿದೆವು ಎಂದು ಬಳಕೆದಾರರು ಅಂದುಕೊಳ್ಳುತ್ತಾರೆ. ಬಹುತೇಕ ಸಲ ತಪ್ಪು ಅವರದಾಗಿರುವುದಿಲ್ಲ.

ಅಷ್ಟಕ್ಕೂ ಮುರಿಯುವುದು ಯಾವುದು?

ಗ್ರಾಫಿಕ್ಸ್ ಡ್ರೈವರ್ ಎಂದರೆ ಒಂದೇ ತಂತ್ರಾಂಶವಲ್ಲ, ಅದರಲ್ಲಿ ಎರಡು ಭಾಗಗಳಿವೆ. ಒಂದು ಭಾಗ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನೊಳಗೆ ಕುಳಿತು ಕಾರ್ಡಿನ ಜೊತೆ ನೇರವಾಗಿ ವ್ಯವಹರಿಸುತ್ತದೆ. ಗೇಮ್, ಬ್ರೌಸರ್, ವಿಡಿಯೊ ಎಡಿಟರ್‌ಗಳು ಮಾತನಾಡುವುದು ಇನ್ನೊಂದು ಭಾಗದ ಜೊತೆ. ಓಪನ್‌ಜಿಎಲ್, ವಲ್ಕನ್, ಕೂಡಾ ಮುಂತಾದವು ಇರುವುದು ಇಲ್ಲಿ.

ಲಿನಕ್ಸ್ ಕರ್ನಲ್ ಜಿಪಿಎಲ್ ಎರಡನೇ ಆವೃತ್ತಿಯ ಪರವಾನಗಿಯಡಿ ಇದೆ, ಅದರ ಸೋರ್ಸ್ ಕೋಡ್ ಯಾರು ಬೇಕಾದರೂ ನೋಡಬಹುದು. ಸುಮಾರು ಒಂಬತ್ತು-ಹತ್ತು ವಾರಕ್ಕೊಮ್ಮೆ ಹೊಸ ಕರ್ನಲ್ ಬರುತ್ತದೆ. ಬರುವಾಗಲೆಲ್ಲ ಒಳಗಿನ ಎಷ್ಟೋ ವ್ಯವಸ್ಥೆಗಳು ಬದಲಾಗಿರುತ್ತವೆ. ಡ್ರೈವರ್‌ನ ಕೋಡ್ ಕರ್ನಲ್‌ನ ಜೊತೆಗೇ ಇದ್ದರೆ ಚಿಂತೆಯಿಲ್ಲ. ಒಳಗಿನ ವ್ಯವಸ್ಥೆಯನ್ನು ಬದಲಿಸಿದವರೇ ಅದನ್ನು ನೆಚ್ಚಿಕೊಂಡ ಡ್ರೈವರ್‌ಗಳನ್ನೂ ತಿದ್ದುತ್ತಾರೆ. ಹೊರಗಿರುವ ಡ್ರೈವರ್‌ಗೆ ಆ ಸೌಲಭ್ಯವಿಲ್ಲ. ಕರ್ನಲ್‌ನ ಒಳ ರಚನೆ ಹೀಗೇ ಇರುತ್ತದೆಂಬ ಭರವಸೆಯನ್ನು ನಾವು ಕೊಡುವುದೇ ಇಲ್ಲ ಎಂಬುದು ಅಭಿವೃದ್ಧಿಗಾರರ ಘೋಷಿತ ನೀತಿ. ಹಿರಿಯ ಅಭಿವೃದ್ಧಿಗಾರ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಇದನ್ನು ಸಮರ್ಥಿಸಿ ಬರೆದ ಟಿಪ್ಪಣಿ ಕರ್ನಲ್‌ನ ದಾಖಲೆಗಳಲ್ಲೇ ಇದೆ. ಸಾಮಾನ್ಯ ಆ್ಯಪ್‌ಗಳಿಗೆ ಮಾತ್ರ ಇದಕ್ಕೆ ತದ್ವಿರುದ್ಧ ನಿಯಮ: ಓಡುತ್ತಿದ್ದ ಪ್ರೋಗ್ರಾಂ ಹೊಸ ಕರ್ನಲ್‌ನಿಂದಾಗಿ ನಿಲ್ಲಕೂಡದು.

ಇದನ್ನು ನಿಭಾಯಿಸಲು ಡಿಕೆಎಂಎಸ್ ಎಂಬ ಸಾಧನವಿದೆ. ಹೊಸ ಕರ್ನಲ್ ಬಂದಾಗಲೆಲ್ಲ ಅದು ಎನ್‌ವಿಡಿಯಾದ ಕರ್ನಲ್ ಭಾಗವನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ಮತ್ತೆ ಕಟ್ಟುತ್ತದೆ. ಕಟ್ಟುವಾಗ ದೋಷ ಬಂದರೆ ಡ್ರೈವರ್ ಇಲ್ಲ, ಡ್ರೈವರ್ ಇಲ್ಲದಿದ್ದರೆ ಪರದೆ ಇಲ್ಲ. 2020ರ ಅಕ್ಟೋಬರ್‌ನಲ್ಲಿ ಕರ್ನಲ್ 5.9 ಬಂದಾಗ ಸ್ವತಃ ಕಂಪನಿಯೇ 'ನಮ್ಮ ಡ್ರೈವರ್ ಇದಕ್ಕೆ ಹೊಂದುವುದಿಲ್ಲ, ಸದ್ಯಕ್ಕೆ ಹೊಸ ಕರ್ನಲ್‌ಗೆ ಹೋಗಬೇಡಿ' ಎಂಬರ್ಥದ ಸಲಹೆ ಕೊಡಬೇಕಾಗಿ ಬಂತು.

ಇನ್ನೊಂದು ಕಿರಿಕಿರಿ ಸೆಕ್ಯೂರ್ ಬೂಟ್‌ನದು. ಅದು ಚಾಲೂ ಇದ್ದರೆ ಸಹಿ ಇಲ್ಲದ ಡ್ರೈವರ್ ಭಾಗವನ್ನು ಕರ್ನಲ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಿ, ರೀಸ್ಟಾರ್ಟ್ ಆದಾಗ ನೀಲಿ ಪರದೆಯಲ್ಲಿ ಅದನ್ನೇ ಮತ್ತೆ ಕೇಳುತ್ತಾರೆ. ಇದ್ಯಾಕೆ ಎಂದು ತಿಳಿಯದೆ ಮುಂದೆ ಹೋದವರಿಗೆ ಡ್ರೈವರ್ 'ಇನ್‌ಸ್ಟಾಲ್' ಆಗಿಯೂ ಕೆಲಸ ಮಾಡುವುದಿಲ್ಲ.

ಟೊರ್ವಾಲ್ಡ್ಸ್ ಬೆರಳು ತೋರಿಸಿದ್ದು

ಲಿನಕ್ಸ್ ಜನಕ ಲೈನಸ್ ಟೊರ್ವಾಲ್ಡ್ಸ್ 2012ರ ಜೂನ್‌ನಲ್ಲಿ ಫಿನ್‌ಲ್ಯಾಂಡ್‌ನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಸಂವಾದ ನಡೆಸುತ್ತಿದ್ದರು. ಸಭಿಕರಲ್ಲಿದ್ದ ಮಹಿಳೆಯೊಬ್ಬರು ತಮ್ಮ ಲ್ಯಾಪ್‌ಟಾಪ್‌ನ ಎನ್‌ವಿಡಿಯಾ ಆಪ್ಟಿಮಸ್ ತೊಂದರೆಯ ಬಗ್ಗೆ ಕೇಳಿದರು. ತಾವು ವ್ಯವಹರಿಸಿದ ಕಂಪನಿಗಳಲ್ಲೇ ಇದು ಅತಿ ಕೆಟ್ಟದ್ದು ಎಂದ ಟೊರ್ವಾಲ್ಡ್ಸ್, ಕ್ಯಾಮೆರಾ ಕಡೆ ತಿರುಗಿ ಮಧ್ಯದ ಬೆರಳು ತೋರಿಸಿಯೇಬಿಟ್ಟರು. ಆ ವಿಡಿಯೊ ಇವತ್ತಿಗೂ ಹರಿದಾಡುತ್ತಿದೆ. ಆದರೆ ಬೆರಳು ನೆನಪಿದ್ದಷ್ಟು ಆ ಪ್ರಶ್ನೆ ಯಾರಿಗೂ ನೆನಪಿಲ್ಲ.

ಬ್ಯಾಟರಿ ಉಳಿಸಲು ಇಂಟೆಲ್‌ನ ಸಣ್ಣ ಗ್ರಾಫಿಕ್ಸ್, ಭಾರದ ಕೆಲಸಕ್ಕೆ ಎನ್‌ವಿಡಿಯಾ ಚಿಪ್. ಎರಡರ ನಡುವೆ ತಾನಾಗಿಯೇ ಬದಲಾಗುವುದು ಆಪ್ಟಿಮಸ್ ತಂತ್ರ. 2010ರಲ್ಲಿ ಬಂದ ಇದು ವಿಂಡೋಸ್‌ಗೆ ಮಾತ್ರ ಸಿದ್ಧವಾಗಿತ್ತು. ಲಿನಕ್ಸ್ ಬಳಕೆದಾರರಿಗಾಗಿ ಸ್ವಯಂಸೇವಕರು ಬಂಬಲ್‌ಬೀ ಎಂಬ ಪರ್ಯಾಯ ಮಾಡಿಕೊಂಡರು. ಅದರದೂ ಒಂದು ಕಥೆಯಿದೆ. 2011ರಲ್ಲಿ ಅದರ ಇನ್‌ಸ್ಟಾಲ್ ಸ್ಕ್ರಿಪ್ಟ್‌ನ ಅಳಿಸುವ ಆದೇಶದಲ್ಲಿ ಒಂದು ಸ್ಪೇಸ್ ಹೆಚ್ಚಾಗಿ ಬಿದ್ದಿತ್ತು. ಒಂದು ಸಣ್ಣ ಫೋಲ್ಡರ್ ಅಳಿಸಬೇಕಾದ ಆದೇಶ, ಸಿಸ್ಟಂನ ಬಹುಪಾಲು ಪ್ರೋಗ್ರಾಂಗಳಿರುವ 'ಯುಎಸ್‌ಆರ್' ಫೋಲ್ಡರ್ ಅನ್ನೇ ಅಳಿಸಿ ಹಾಕುತ್ತಿತ್ತು! ಕಂಪನಿ ಮಾಡದ ಕೆಲಸವನ್ನು ಬಿಡುವಿನ ವೇಳೆಯಲ್ಲಿ ಮಾಡಹೊರಟವರ ಮೇಲೆ ಇದರ ಸಿಟ್ಟೂ ಬಿತ್ತು.

ಬಾಗಿಲಿಗೆ ಬಿದ್ದ ಬೀಗ

ಕಂಪನಿ ಕೋಡ್ ಕೊಡದಿದ್ದಾಗ ಉಳಿದ ದಾರಿ, ಕಾರ್ಡ್ ಹೇಗೆ ವರ್ತಿಸುತ್ತದೆಂದು ಗಮನಿಸಿ ಡ್ರೈವರ್ ಬರೆಯುವುದು. ಹಾಗೆ ಹುಟ್ಟಿದ್ದು ನೂವೋ. ಫ್ರೆಂಚ್ ಭಾಷೆಯಲ್ಲಿ 'ಹೊಸತು' ಎಂದರ್ಥ. 2010ರಲ್ಲಿ ಬಂದ ಕರ್ನಲ್ 2.6.33ರಲ್ಲಿ ಅದಕ್ಕೆ ಜಾಗ ಸಿಕ್ಕಿತು. ಉಬುಂಟು ಹಾಕಿದ ತಕ್ಷಣ ಏನೂ ಮಾಡದೆ ಪರದೆ ಬೆಳಗುತ್ತಿದ್ದುದು ಇದರಿಂದಲೇ.

2014ರಲ್ಲಿ ಬಂದ ಜಿಟಿಎಕ್ಸ್ 900 ಸರಣಿಯಿಂದ ಪರಿಸ್ಥಿತಿ ಬಿಗಡಾಯಿಸಿತು. ಗ್ರಾಫಿಕ್ಸ್ ಚಿಪ್ ಆನ್ ಆದಾಗ ಕಡಿಮೆ ವೇಗದಲ್ಲಿರುತ್ತದೆ. ಕೆಲಸ ಬಿದ್ದಾಗ ವೇಗ ಏರಿಸುವುದು ಡ್ರೈವರ್‌ನ ಹೊಣೆ. ಈ ಸರಣಿಯಲ್ಲಿ ಆ ಕೆಲಸಕ್ಕೆ ಎನ್‌ವಿಡಿಯಾ ಸಹಿ ಇರುವ ಫರ್ಮ್‌ವೇರ್ ಕಡ್ಡಾಯವಾಯಿತು. ನೂವೋ ತಂಡದ ಬಳಿ ಆ ಸಹಿಯೂ ಇಲ್ಲ, ವೇಗ ನಿಯಂತ್ರಿಸುವ ಫರ್ಮ್‌ವೇರನ್ನು ಹಂಚುವ ಹಕ್ಕೂ ಇಲ್ಲ. ಪರಿಣಾಮ, ಸಾವಿರಾರು ರೂಪಾಯಿ ಕೊಟ್ಟು ತಂದ ಕಾರ್ಡ್ ಮುಕ್ತ ಡ್ರೈವರ್‌ನಲ್ಲಿ ಮೊದಲ ಗೇರ್‌ನಲ್ಲೇ ಓಡುವ ಕಾರಿನಂತಾಯಿತು.

ಬೇರೆ ದಾರಿ ಇರಲಿಲ್ಲವೇ? ಇತ್ತು. ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಬಹಳ ಹಿಂದಿನಿಂದಲೂ ಕರ್ನಲ್ ಒಳಗೇ ಇದೆ. ಎಎಂಡಿಯ 'ಎಫ್‌ಜಿಎಲ್‌ಆರ್‌ಎಕ್ಸ್' ಡ್ರೈವರ್‌ಗೆ ಒಂದು ಕಾಲದಲ್ಲಿ ಎನ್‌ವಿಡಿಯಾಗಿಂತಲೂ ಕೆಟ್ಟ ಹೆಸರಿತ್ತು. ಆ ಕಂಪನಿ 2007ರಿಂದ ಚಿಪ್‌ನ ದಾಖಲೆಗಳನ್ನು ಹೊರಗಿಡತೊಡಗಿತು. 2015ರಲ್ಲಿ ಕರ್ನಲ್ 4.2ರ ಜೊತೆ 'ಎಎಂಡಿಜಿಪಿಯು' ಬಂತು. ಈಗ ಎಎಂಡಿ ಕಾರ್ಡ್ ಇದ್ದವರು ಡ್ರೈವರ್ ಎಂಬ ಪದವನ್ನೇ ಬಹುತೇಕ ಮರೆತಿದ್ದಾರೆ. ಎನ್‌ವಿಡಿಯಾ ಪರ ವಾದವೂ ಇಲ್ಲದಿಲ್ಲ. ವಿಂಡೋಸ್, ಲಿನಕ್ಸ್ ಎರಡಕ್ಕೂ ಬಹುಮಟ್ಟಿಗೆ ಒಂದೇ ಕೋಡ್ ಇಟ್ಟುಕೊಂಡದ್ದರಿಂದ ಅದರ ಮುಚ್ಚಿದ ಡ್ರೈವರ್‌ನ ವೇಗ ಚೆನ್ನಾಗಿಯೇ ಇತ್ತು. ಎಐ ಕಲಿಯುವವರಿಗೆ ಕೂಡಾ ಬಿಟ್ಟರೆ ಗತ್ಯಂತರವೂ ಕಡಿಮೆ.

ಹಳೆಯ ಎಕ್ಸ್ ವ್ಯವಸ್ಥೆಯ ಬದಲು ವೇಲ್ಯಾಂಡ್ ಬಂದಾಗಲೂ ಎನ್‌ವಿಡಿಯಾ ಪ್ರತ್ಯೇಕ ಹಾದಿ ಹಿಡಿದಿತ್ತು. ಉಳಿದವರೆಲ್ಲ ಬಳಸುತ್ತಿದ್ದ ಜಿಬಿಎಂ ವಿಧಾನವನ್ನು ಅದು ಒಪ್ಪಿದ್ದು 2021ರ 495 ಡ್ರೈವರ್‌ನಲ್ಲಿ. ಪರದೆ ಮಿನುಗುವ, ಚಿತ್ರ ಹಿಂದೆ-ಮುಂದೆ ಜಿಗಿಯುವ ಕಾಟ ಬಹುಮಟ್ಟಿಗೆ ತಗ್ಗಿದ್ದು 2024ರ 555ರಲ್ಲಿ.

2022ರಲ್ಲಿ ತೆರೆದದ್ದೆಷ್ಟು?

2022ರ ಫೆಬ್ರವರಿಯಲ್ಲಿ ಲ್ಯಾಪ್ಸಸ್ ಎಂಬ ಹ್ಯಾಕರ್ ಗುಂಪು ಎನ್‌ವಿಡಿಯಾದ ದತ್ತಾಂಶ ಕದ್ದು, ಡ್ರೈವರ್‌ಗಳನ್ನು ಮುಕ್ತಗೊಳಿಸಬೇಕೆಂಬ ವಿಚಿತ್ರ ಬೇಡಿಕೆ ಇಟ್ಟಿತ್ತು. ಅದೇ ಮೇ ತಿಂಗಳಲ್ಲಿ ಕಂಪನಿ ತನ್ನ ಡ್ರೈವರ್‌ನ ಕರ್ನಲ್ ಭಾಗದ ಕೋಡ್ ಅನ್ನು ಎಂಐಟಿ ಹಾಗೂ ಜಿಪಿಎಲ್ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಎರಡನ್ನೂ ತಳಕು ಹಾಕಿದವರಿದ್ದಾರೆ. ಆದರೆ ಇಷ್ಟು ದೊಡ್ಡ ಕೋಡ್ ಮೂರು ತಿಂಗಳಲ್ಲಿ ಸಿದ್ಧವಾಗುವಂಥದ್ದಲ್ಲ.

ತೆರೆದದ್ದು ಕರ್ನಲ್ ಭಾಗ ಮಾತ್ರ ಎಂಬುದು ಗಮನಿಸಬೇಕಾದ ಅಂಶ. ಓಪನ್‌ಜಿಎಲ್, ವಲ್ಕನ್, ಕೂಡಾ ಇರುವ ಇನ್ನೊಂದು ಭಾಗ ಈಗಲೂ ಮುಚ್ಚಿಯೇ ಇದೆ. ಹಿಂದೆ ಡ್ರೈವರ್ ಮಾಡುತ್ತಿದ್ದ ಬಹಳಷ್ಟು ಕೆಲಸ ಕಾರ್ಡಿನೊಳಗಿನ ಜಿಎಸ್‌ಪಿ ಎಂಬ ಪುಟ್ಟ ಪ್ರೊಸೆಸರ್‌ನ ಫರ್ಮ್‌ವೇರ್‌ಗೆ ವರ್ಗವಾಗಿದೆ. ಅದರ ಕೋಡ್ ಕೂಡ ಯಾರಿಗೂ ಕಾಣುವುದಿಲ್ಲ. ಹಾಗೆಂದು ಲಾಭವೇ ಆಗಿಲ್ಲ ಎನ್ನಲಾಗದು. ಜಿಎಸ್‌ಪಿ ಮೂಲಕ ಮುಕ್ತ ಡ್ರೈವರ್‌ಗಳಿಗೂ ಕಾರ್ಡಿನ ವೇಗ ಏರಿಸುವ ದಾರಿ ಸಿಕ್ಕಿತು. ಮೆಸಾ ಯೋಜನೆಯಲ್ಲಿ ಎನ್‌ವಿಕೆ ಎಂಬ ವಲ್ಕನ್ ಡ್ರೈವರ್ ಬೆಳೆಯಿತು. ರಸ್ಟ್ ಭಾಷೆಯಲ್ಲಿ ಬರೆಯಲಾಗುತ್ತಿರುವ ನೋವಾ 2025ರಲ್ಲಿ ಕರ್ನಲ್ 6.15ರೊಳಗೆ ಕಾಲಿಟ್ಟಿತು.

ನಡುವೆ ಸಿಕ್ಕಿಬಿದ್ದವರು

ಜಿಎಸ್‌ಪಿ ಇರುವುದು 2018ರ ಟ್ಯೂರಿಂಗ್ ಹಾಗೂ ನಂತರದ ಕಾರ್ಡ್‌ಗಳಲ್ಲಿ, ಅಂದರೆ ಜಿಟಿಎಕ್ಸ್ 16, ಆರ್‌ಟಿಎಕ್ಸ್ 20 ಸರಣಿಯಿಂದ ಈಚೆಗೆ. ಜಿಟಿಎಕ್ಸ್ 1050, 1060 ಇರುವ ಪಾಸ್ಕಲ್ ಸರಣಿಗೆ ಅದಿಲ್ಲ. ಈ ಕಾರ್ಡ್‌ಗಳಿಗೆ ಬೆಂಬಲ ಕೊಡುವ ಕೊನೆಯ ಸರಣಿ 580 ಡ್ರೈವರ್ ಎಂದು ಎನ್‌ವಿಡಿಯಾ 2025ರಲ್ಲಿ ತಿಳಿಸಿತು. ಅದೇ ಡಿಸೆಂಬರ್‌ನಲ್ಲಿ ಆರ್ಚ್ ಲಿನಕ್ಸ್ 590ಕ್ಕೆ ಬದಲಾದಾಗ ಪಾಸ್ಕಲ್ ಬಳಕೆದಾರರು 580 ಅನ್ನು ಬೇರೆಯಾಗಿ ಹಾಕಿಕೊಳ್ಳಬೇಕಾಯಿತು.

ಅದಕ್ಕೂ ಹಿಂದಿನ ಕೆಪ್ಲರ್ ಕಾರ್ಡ್ ಇದ್ದವರಿಗೆ ಸಹಿಯ ಕಾಟವಿಲ್ಲ, ನೂವೋದಲ್ಲಿ ಕೈಯಾರೆ ವೇಗ ಏರಿಸಿಕೊಳ್ಳಬಹುದು. ಹೊಸ ಕಾರ್ಡ್ ಇದ್ದವರಿಗೆ ಜಿಎಸ್‌ಪಿ ಇದೆ. ಪಾಸ್ಕಲ್ ಮತ್ತು ಜಿಟಿಎಕ್ಸ್ 900 ಇದ್ದವರಿಗೆ ಎರಡೂ ಇಲ್ಲ. ಕಾರ್ಡ್ ಕೆಟ್ಟಿಲ್ಲ, ಫ್ಯಾನ್ ತಿರುಗುತ್ತಿದೆ, 580 ಹೊಸ ಕರ್ನಲ್‌ಗಳಿಗೆ ಹೊಂದುವವರೆಗೆ ಬದುಕು.

ಕಪ್ಪು ಪರದೆ ಬಂದರೆ ಏನು ಮಾಡಬೇಕು?

ಮೊದಲನೆಯದಾಗಿ, ಆಪರೇಟಿಂಗ್ ಸಿಸ್ಟಂ ಮರುಸ್ಥಾಪಿಸಲು ಹೊರಡಬೇಡಿ. ಕಂಪ್ಯೂಟರ್ ಆನ್ ಆಗುವಾಗ ಶಿಫ್ಟ್ ಅಥವಾ ಎಸ್ಕೇಪ್ ಕೀ ಒತ್ತಿದರೆ ಗ್ರಬ್ ಮೆನು ಬರುತ್ತದೆ. ಅದರ ಅಡ್ವಾನ್ಸ್‌ಡ್ ಆಪ್ಷನ್ಸ್‌ನಲ್ಲಿ ಹಿಂದಿನ ಕರ್ನಲ್ ಇನ್ನೂ ಇರುತ್ತದೆ. ಅದನ್ನು ಆರಿಸಿದರೆ ಸಾಮಾನ್ಯವಾಗಿ ಪರದೆ ಮರಳುತ್ತದೆ. ಆಮೇಲೆ ಉಬುಂಟುವಿನ 'ಅಡಿಷನಲ್ ಡ್ರೈವರ್ಸ್' ಸಾಧನದಿಂದಲೇ ಡ್ರೈವರ್ ಮತ್ತೆ ಹಾಕಿ. ಕಂಪನಿಯ ವೆಬ್‌ಸೈಟ್‌ನಿಂದ ಇಳಿಸಿದ ಫೈಲ್ ಬೇಡ. ಸಿಸ್ಟಂನ ಪ್ಯಾಕೇಜ್‌ಗಳಿಗೆ ಅದರ ಲೆಕ್ಕವೇ ಇರುವುದಿಲ್ಲವಾದ್ದರಿಂದ ಮುಂದಿನ ಅಪ್‌ಡೇಟ್‌ನಲ್ಲಿ ಮತ್ತೆ ಇದೇ ಗತಿ. ಪಾಸ್ಕಲ್ ಕಾರ್ಡ್ ಇದ್ದವರು ಪಟ್ಟಿಯಲ್ಲಿ 580 ಎಂಬ ಸಂಖ್ಯೆ ನೋಡಿ ಆರಿಸಬೇಕು. ದೀರ್ಘಾವಧಿ ಬೆಂಬಲದ ಎಲ್‌ಟಿಎಸ್ ಕರ್ನಲ್‌ನಲ್ಲೇ ಇದ್ದರೆ ಇನ್ನೂ ಕೆಲವು ವರ್ಷ ತಳ್ಳಬಹುದು.