ನೆರೆಯ ಹೆಸರಿನ ಪರದೇಶಿ

ಹಿರಿಯೂರಿನಿಂದ ಹೊಸದುರ್ಗ, ಹೊಳಲ್ಕೆರೆಗಳನ್ನು ಹಾದು ಚಿತ್ರದುರ್ಗಕ್ಕೆ ಹೋಗುವಾಗಲೆಲ್ಲ ಕೆರೆಯಂಗಳಗಳಲ್ಲಿ, ಬೀಳುಭೂಮಿಯಲ್ಲಿ ನನ್ನ ಕಣ್ಣಿಗೆ ಬೀಳುವುದು ಒಂದೇ ಮುಳ್ಳುಗಿಡ: ಬಳ್ಳಾರಿ ಜಾಲಿ. ಹೆಸರು ನೆರೆಯ ಜಿಲ್ಲೆಯದು. ತವರು ಮಾತ್ರ ಅಮೆರಿಕ ಖಂಡದ ಉಷ್ಣವಲಯ. ಒಣಸೀಮೆಗೆ ಸೌದೆಯಾಗಲೆಂದು ಮದರಾಸು ಪ್ರಾಂತ್ಯದ ಅರಣ್ಯಾಧಿಕಾರಿಗಳು 1877ರ ಸುಮಾರಿಗೆ ಅದರ ಬೀಜ ತರಿಸಿ ಕಡಪಾ ಸೀಮೆಯಲ್ಲಿ ಬಿತ್ತಿಸಿದರು.

ಉದ್ದೇಶ ಒಳ್ಳೆಯದೇ. ಆದರೆ ಸಿಹಿಯಾದ ಕಾಯನ್ನು ದನಕುರಿಗಳು ಮೆದ್ದವು. ಸಗಣಿ ಹಿಕ್ಕೆಗಳೊಡನೆ ಬೀಜ ಊರೂರಿಗೆ ನಡೆಯಿತು. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಯನ್ನು ಅದರ ಎಲೆ ಬಹುಮಟ್ಟಿಗೆ ಸುಳ್ಳು ಮಾಡಿತು. ನೇಗಿಲಿಗೂ ಗಾಡಿಯ ಗಾಲಿಗೂ ಒದಗುತ್ತಿದ್ದ ನಮ್ಮ ಕರಿಜಾಲಿ, ಹಳದಿ ಹೂವಿನ ತಂಗಡಿ, ಮೇವಿನ ಹುಲ್ಲು ಹಿಂದೆ ಸರಿದವು.

ದಕ್ಷಿಣದ ಬಯಲುಸೀಮೆಗೆ ಇಂಥ ಅನುಭವ ಹೊಸದಲ್ಲ. ಪಾಪಾಸುಕಳ್ಳಿಯೂ ಹೀಗೆಯೇ ಹಬ್ಬಿತ್ತು. 1926ರಲ್ಲಿ ಸಿಂಹಳದಿಂದ ತಂದ, ಕೆಂಪುರಸದ ಒಂದು ಕೀಟ ಅದನ್ನು ಅಡಗಿಸಿತು. ಜಾಲಿಗೂ ಅಂಥದೊಂದು ಕೀಟವನ್ನು ಬಯಸೋಣವೇ? ನಾನು ಹಿಂಜರಿಯುತ್ತೇನೆ. ಎಷ್ಟೋ ಬಡವರ ಒಲೆ ಇಂದಿಗೂ ಉರಿಯುವುದು ಈ ಸೌದೆಯಿಂದಲೇ. ಕಡಿದರೆ ಬುಡದಿಂದ ಚಿಗುರುವ ಗಿಡವಿದು, ಬೇರುಸಹಿತ ಕೀಳಲೇಬೇಕು. ಕಿತ್ತವರು ಆ ಗುಂಡಿಯಲ್ಲಿಯೇ ಒಂದು ಕರಿಜಾಲಿ ನೆಡಲಿ. ಅದು ಬೆಳೆಯುವವರೆಗೆ ಆ ಒಲೆ ಹೇಗೆ ಉರಿಯಬೇಕೆಂಬುದನ್ನೂ ಯೋಚಿಸಲಿ.