ಅಥೆನ್ಸ್ ನಗರದ ಸ್ಥಳಪುರಾಣ

ಹಳೆಯ ಊರನ್ನು ಹೊಸಬರಿಗೆ ತೋರಿಸಿ ಜೀವನ ಸಾಗಿಸುವ ಕಸುಬು ನಮ್ಮ ಕಾಲದ್ದಲ್ಲ. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಪೌಸಾನಿಯಸ್ ಎಂಬಾತ ಗ್ರೀಸ್ ದೇಶವನ್ನು ಸುತ್ತಿ, ಕಂಡ ಗುಡಿ, ವಿಗ್ರಹ, ಸಮಾಧಿಗಳನ್ನೆಲ್ಲ ಹತ್ತು ಭಾಗಗಳ ಒಂದು ದೊಡ್ಡ ಗ್ರಂಥದಲ್ಲಿ ಬರೆದಿಟ್ಟ. ಸ್ಥಳದ ಕಥೆ ಹೇಳುವ ಜನ ಅವನಿಗೆ ಅನೇಕ ಊರುಗಳಲ್ಲಿ ಎದುರಾದರು. ಆರ್ಗಾಸ್ ಪಟ್ಟಣದ ಅಂಥವರನ್ನು ಕುರಿತು ಅವನು ಹೇಳುವ ಮಾತು ಸೊಗಸಾಗಿದೆ: ತಾವು ಹೇಳುವುದೆಲ್ಲ ನಿಜವಲ್ಲವೆಂದು ಅವರಿಗೇ ಗೊತ್ತಂತೆ, ಆದರೂ ಹೇಳುತ್ತಾರೆ, ಏಕೆಂದರೆ ಬಹುಜನ ನಂಬಿದ್ದನ್ನು ಬದಲಾಯಿಸುವುದು ಸುಲಭವಲ್ಲ. ಅವನಿಗಿಂತ ತುಸು ಹಿಂದಿನವನಾದ ಪ್ಲುಟಾರ್ಕ್ ಡೆಲ್ಫಿಯ ಗೈಡುಗಳನ್ನು ಚಿತ್ರಿಸುತ್ತಾನೆ. ಶಾಸನಗಳನ್ನೆಲ್ಲ ಓದಬೇಡಿ, ಸ್ವಲ್ಪ ಚುಟುಕಾಗಿ ಹೇಳಿ ಎಂದು ಯಾತ್ರಿಕರು ಬೇಡಿಕೊಂಡರೂ ಅವರು ಕಂಠಪಾಠ ಮಾಡಿದ್ದನ್ನು ಒಪ್ಪಿಸಿಯೇ ತೀರುತ್ತಾರೆ. ಸಾವಿರದ ಒಂಬೈನೂರು ವರ್ಷಗಳಾದರೂ ಆ ಜಾತಿ ಅಳಿದಿಲ್ಲವೆಂಬುದಕ್ಕೆ ನಮ್ಮ ಯಾವ ಕ್ಷೇತ್ರಕ್ಕೆ ಹೋದರೂ ಸಾಕ್ಷಿ ಸಿಗುತ್ತದೆ.

ಇಂಥ ಕಥೆಗಳಿಗೆ ನಮ್ಮಲ್ಲಿ ಸ್ಥಳಪುರಾಣವೆಂಬ ಗೌರವದ ಹೆಸರಿದೆ. ಹಂಪೆಯ ಸುಗ್ರೀವನ ಗುಹೆಯ ಬಳಿ ಬಂಡೆಯ ಮೇಲಿನ ಗೆರೆಗಳನ್ನು ತೋರಿಸಿ ಇದು ಸೀತಮ್ಮನ ಸೆರಗಿನ ಗುರುತು ಎನ್ನುತ್ತಾರೆ. ಹಿರೇಬೆಣಕಲ್ಲಿನ ಬೃಹತ್‌ಶಿಲಾ ಸಮಾಧಿಗಳು ಮೋರ್ಯರೆಂಬ ಕುಳ್ಳರ ಮನೆಗಳು. ವಿದ್ವಾಂಸರು ಇದನ್ನು ಕೇಳಿ ನಗುತ್ತಾರೆ, ನಾನು ನಗಲಾರೆ. ಶಾಸನ ಓದಲು ಬಾರದ ಜನ ಒಂದು ಕಲ್ಲಿನೊಡನೆ ಸಂಬಂಧ ಕಲ್ಪಿಸಿಕೊಂಡು ಅದನ್ನು ಉಳಿಸಿಕೊಂಡ ರೀತಿ ಅದು. ಆದರೆ ಪುರಾಣ ಎಲ್ಲಿ ನಿಲ್ಲುತ್ತದೆ, ಚರಿತ್ರೆ ಎಲ್ಲಿ ಮೊದಲಾಗುತ್ತದೆ ಎಂಬುದನ್ನು ಹೇಳಬಲ್ಲ ಗೈಡ್ ಸಿಕ್ಕುವುದು ಅಪರೂಪ. ಅಂಥ ಒಬ್ಬಾಕೆ ನನಗೂ ನನ್ನ ಪತ್ನಿಗೂ ಅಥೆನ್ಸಿನಲ್ಲಿ ಸಿಕ್ಕಿದರು. ಇಪ್ಪತ್ತು ಮೂವತ್ತು ಜನರ ಗುಂಪಿನೊಡನೆ ಓಡುವ ಶಕ್ತಿ ನಮಗಿರಲಿಲ್ಲವಾಗಿ, ನಮ್ಮಿಬ್ಬರಿಗಷ್ಟೇ ಒಂದು ಹಗಲು ಊರು ತೋರಿಸಬೇಕೆಂದು ಗೊತ್ತುಮಾಡಿಕೊಂಡಿದ್ದೆವು. ಆಕೆ ನಲವತ್ತರ ಆಸುಪಾಸಿನವರು. ಕೊರಳಲ್ಲಿ ಸರ್ಕಾರದ ಪರವಾನಗಿ, ಕೈಯಲ್ಲಿ ಒಂದು ನೀಲಿ ಕೊಡೆ. ಆ ಕೊಡೆ ಬಿಸಿಲಿಗಿಂತ ಹೆಚ್ಚಾಗಿ ಬೆರಳಿನ ಕೆಲಸವನ್ನೇ ಮಾಡುತ್ತಿತ್ತು.

ಮೊದಲು ಅವರು ಕರೆದೊಯ್ದದ್ದು ಅಗೊರಾ ಎಂಬ ಬಯಲಿಗೆ. ಅಗೊರಾ ಎಂದರೆ ಪೇಟೆ ಎಂದು ಕೋಶಗಳು ಅರ್ಥ ಹೇಳುತ್ತವೆ. ಆದರೆ ಅದು ಪೇಟೆಯೂ ಹೌದು, ಚಾವಡಿಯೂ ಹೌದು, ನ್ಯಾಯಸ್ಥಾನವೂ ಹೌದು, ಹರಟೆಯ ಕಟ್ಟೆಯೂ ಹೌದು. ಪಶ್ಚಿಮದ ದಿಬ್ಬದ ಮೇಲೆ ಒಂದು ದೇವಾಲಯ ಕಂಬ, ತೊಲೆ ಸಮೇತ ನಿಂತಿದೆ. ಗ್ರೀಸಿನಲ್ಲಿ ಇಷ್ಟು ಇಡಿಯಾಗಿ ಉಳಿದ ಗುಡಿಗಳು ವಿರಳ. ಇದರ ಶಿಲ್ಪಗಳಲ್ಲಿ ಥೀಸಿಯಸ್ ವೀರನ ಸಾಹಸಗಳು ಕೆತ್ತಿರುವುದರಿಂದ ಇದು ಥೀಸಿಯಸನ ಗುಡಿಯೆಂದೇ ಬಹುಕಾಲ ಪ್ರಸಿದ್ಧವಾಗಿತ್ತು. ವಾಸ್ತವವಾಗಿ ಇದು ಕಮ್ಮಾರರ ದೇವತೆಯಾದ ಹಿಫೀಸ್ಟಸನದು, ನಮ್ಮ ವಿಶ್ವಕರ್ಮನಂಥವನು. ಸುತ್ತಮುತ್ತ ಅಗೆದಾಗ ಕಂಚು ಎರಕ ಹೊಯ್ಯುತ್ತಿದ್ದ ಗುಂಡಿಗಳು ಸಿಕ್ಕಿವೆ. ಗುಡಿ ಯಾರದೆಂಬುದು ವಿದ್ವಾಂಸರಲ್ಲಿ ತೀರ್ಮಾನವಾಗಿದೆ. ಆದರೆ ಪಕ್ಕದ ರೈಲು ನಿಲ್ದಾಣದ ಹೆಸರು ಇವತ್ತಿಗೂ ಥಿಸಿಯೊ. “ಆರ್ಗಾಸಿನವರ ಹಾಗೆಯೇ ಪ್ರೊಫೆಸರ್, ನಾವು ಬದಲಾಗುವವರಲ್ಲ” ಎಂದು ಆಕೆ ನಕ್ಕರು. ಪೌಸಾನಿಯಸನನ್ನು ಆಕೆ ಬಾಯಿಪಾಠ ಮಾಡಿದ್ದರೆಂದು ಆಗ ಗೊತ್ತಾಯಿತು.

ಆ ರೈಲುಹಾದಿ ಅಗೊರಾದ ಉತ್ತರದ ಅಂಚನ್ನು ಕೊಯ್ದುಕೊಂಡೇ ಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದನ್ನು ಹಾಕುವಾಗ ಅಡಿಯಲ್ಲಿ ಏನಿದೆಯೆಂದು ತಿಳಿದಿರಲಿಲ್ಲ. ೧೯೩೪ರಲ್ಲಿ ಹನ್ನೆರಡು ದೇವತೆಗಳ ಬಲಿಪೀಠದ ಒಂದು ಮೂಲೆ ಸಿಕ್ಕಿತು. ಅದರ ಬಹುಭಾಗ ರೈಲುಹಾದಿಯ ಕೆಳಗೇ ಇದೆ. ಪ್ರಾಚೀನ ಅಥೆನ್ಸಿನವರು ಊರೂರಿನ ದೂರವನ್ನು ಎಣಿಸುತ್ತಿದ್ದದ್ದು ಈ ಪೀಠದಿಂದ. ೧೯೭೦ರಲ್ಲಿ ಹಳಿಯ ಆಚೆ ರಾಜಮಂಟಪ ಸಿಕ್ಕಿತು. ಕ್ರಿ.ಪೂ. ೩೯೯ರಲ್ಲಿ ಸಾಕ್ರಟೀಸನ ಮೇಲಿನ ಆಪಾದನೆಯ ಮೊದಲ ವಿಚಾರಣೆ ಅಲ್ಲಿಯೇ ನಡೆದದ್ದು.

ಬಯಲಿನ ನಡುವೆ ನಿಂತಿದ್ದಾಗ ನನ್ನ ಪತ್ನಿ ಒಂದು ಪ್ರಶ್ನೆ ಕೇಳಿದಳು. ಊರಿನ ನಟ್ಟನಡುವೆ ಇಷ್ಟು ದೊಡ್ಡ ಜಾಗ ಖಾಲಿಯಿದೆಯಲ್ಲ, ಇಲ್ಲಿ ಯಾರೂ ಇರಲಿಲ್ಲವೆ? ಗೈಡ್ ಕೊಡೆಯನ್ನು ನೆಲಕ್ಕೂರಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಇದ್ದರು. ವ್ರಿಸಾಕಿ ಎಂಬ ಹೆಸರಿನ ಕೇರಿಯಿತ್ತು. ೧೯೩೧ರಲ್ಲಿ ಅಮೆರಿಕದ ಪುರಾತತ್ತ್ವ ಸಂಸ್ಥೆಯವರು ಉತ್ಖನನ ಆರಂಭಿಸಿದರು. ಹಣ ಬಹುಪಾಲು ಕಿರಿಯ ರಾಕ್‌ಫೆಲರನದು. ಅದಕ್ಕಾಗಿ ಸುಮಾರು ೪೦೦ ಮನೆಗಳನ್ನು ಕೊಂಡು ಕೆಡವಿದರು. ಪರಿಹಾರ ಕೊಟ್ಟರು, ನಿಜ. ಕೆಡವುವ ಮುಂಚೆ ಫೋಟೋಗಳನ್ನೂ ತೆಗೆದಿಟ್ಟರು. ಉಳಿದದ್ದು ಕ್ರಿಸ್ತಶಕ ಸಾವಿರದ ಸುಮಾರಿನ ಪವಿತ್ರ ಅಪೋಸ್ತಲರ ಚಿಕ್ಕ ಚರ್ಚು. ೧೯೫೩ರಿಂದ ೧೯೫೬ರೊಳಗೆ, ಪ್ರಾಚೀನ ಕಾಲದ ಅಟ್ಟಾಲಸ್ ಮಂಟಪವನ್ನು ಅದೇ ಪಾಯದ ಮೇಲೆ ಹೊಸದಾಗಿ ಕಟ್ಟಿ ಅದನ್ನು ವಸ್ತುಸಂಗ್ರಹಾಲಯ ಮಾಡಿದರು. ಮಂಟಪವೇನೋ ಭವ್ಯವಾಗಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ಅದರ ಉದ್ದನೆಯ ನೆರಳಿನೊಳಗೆ ಕಾಲಿಟ್ಟವನಿಗೆ ಗ್ರೀಕರು ಕಂಬಸಾಲುಗಳನ್ನು ಏಕೆ ಕಟ್ಟಿದರೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಕೇರಿಯ ಸುದ್ದಿ ಕೇಳಿದಾಗ ನನಗೆ ನೆನಪಾದದ್ದು ಹಂಪೆ. ವಿರೂಪಾಕ್ಷ ದೇವಾಲಯದ ಮುಂದಿನ ಬಜಾರಿನ ಕಲ್ಲುಮಂಟಪಗಳಲ್ಲಿ ಸಂಸಾರ ಹೂಡಿದ್ದವರನ್ನು, ಅಂಗಡಿ ಇಟ್ಟುಕೊಂಡಿದ್ದವರನ್ನು ೨೦೧೧ರಲ್ಲಿ ತೆರವು ಮಾಡಿದರು. ಕಲ್ಲಿನ ದೃಷ್ಟಿಯಿಂದ ಅದು ಸರಿಯೆಂದು ವಾದಿಸಬಹುದು. ನಾನೂ ಪೂರ್ತಿ ಅಲ್ಲಗಳೆಯಲಾರೆ. ಆದರೆ ರಥಬೀದಿಯೆಂದರೆ ಜನರಿರುವ ಬೀದಿ. ಬಜಾರೆಂದು ಹೆಸರಿಟ್ಟು ಅಲ್ಲಿ ಒಂದು ಹೂವಿನ ಬುಟ್ಟಿಯೂ ಇಲ್ಲದಂತೆ ಮಾಡಿದರೆ, ನೋಡಲು ಬಂದವನು ನೋಡುವುದು ಏನನ್ನು?

ಅಗೊರಾದಿಂದ ತಲೆಯೆತ್ತಿದರೆ ಅಕ್ರೊಪೊಲಿಸ್ ಬೆಟ್ಟದ ಉತ್ತರದ ಗೋಡೆ ಕಾಣುತ್ತದೆ. ಬಂದವರೆಲ್ಲ ಮೇಲಿನ ಗುಡಿಯನ್ನು ಹುಡುಕುತ್ತಾರೆಯೇ ಹೊರತು ಆ ಗೋಡೆಯನ್ನು ನೋಡುವುದಿಲ್ಲ. ಆಕೆ ಅಲ್ಲಿ ನಮ್ಮನ್ನು ಕಾಲು ಗಂಟೆ ನಿಲ್ಲಿಸಿದರು. ಕೊಡೆಯ ತುದಿಯ ದಿಕ್ಕಿನಲ್ಲಿ ನೋಡಿದರೆ, ಗೋಡೆಯ ಕಲ್ಲುಗಳ ನಡುವೆ ದುಂಡನೆಯ, ಬೀಸುಕಲ್ಲಿನಂತಹ ದೊಡ್ಡ ದೊಡ್ಡ ತುಂಡುಗಳು ಸಾಲಾಗಿ ಕಾಣುತ್ತವೆ. ಅವು ಕಂಬದ ಅಚ್ಚುಗಳು. ಮ್ಯಾರಥಾನ್ ಯುದ್ಧದ ಅನಂತರ ಅಥೆನ್ಸಿನವರು ಬೆಟ್ಟದ ಮೇಲೆ ಒಂದು ಅಮೃತಶಿಲೆಯ ಗುಡಿಯನ್ನು ಎತ್ತತೊಡಗಿದ್ದರು. ಅದು ಮುಗಿಯುವ ಮುನ್ನ, ಕ್ರಿ.ಪೂ. ೪೮೦ರಲ್ಲಿ ಪಾರಸಿಕರ ದೊರೆ ಕ್ಸೆರ್ಕ್ಸಿಸ್ ಬಂದು ಊರನ್ನು ಹಿಡಿದು ಬೆಟ್ಟಕ್ಕೆ ಬೆಂಕಿಯಿಟ್ಟ. ಅದೇ ವರ್ಷ ಸಲಾಮಿಸಿನ ನೌಕಾಯುದ್ಧದಲ್ಲಿ ಅವನು ಸೋತು ಹಿಂದಿರುಗಿದ. ಊರಿಗೆ ಮರಳಿದ ಜನ ಹೊಸ ಗೋಡೆಯನ್ನು ಕಟ್ಟುವಾಗ ಆ ಸುಟ್ಟ ಗುಡಿಯ ತುಂಡುಗಳನ್ನು ಅದರಲ್ಲಿ ಇಟ್ಟರು. ಕಲ್ಲಿಗೆ ಬರವಾಗಿ ಇಟ್ಟದ್ದಲ್ಲ. ಸಾಲುಹಿಡಿದು, ಊರಿನ ಕಡೆಗೆ ಮುಖಮಾಡಿ ಕೂರಿಸಿದ ಬಗೆಯನ್ನು ನೋಡಿದರೆ ಬೇಕೆಂದೇ ಇಟ್ಟಂತಿದೆ. ಪೇಟೆಗೆ ಬಂದವನಿಗೆಲ್ಲ ಅದು ದಿನವೂ ಕಾಣಬೇಕು. ಈಗ ನಾವು ನೋಡುವ ಪಾರ್ಥೆನಾನ್ ಆರಂಭವಾದದ್ದು ಕ್ರಿ.ಪೂ. ೪೪೭ರಲ್ಲಿ. ಮೂವತ್ತಕ್ಕೂ ಹೆಚ್ಚು ವರ್ಷ ಬೆಟ್ಟದ ಮೇಲಿದ್ದದ್ದು ಕರಿ ಹಿಡಿದ ಅವಶೇಷ.

ಪಾರ್ಥೆನಾನಿನ ವರ್ಣನೆಯನ್ನು ನಾನು ಮಾಡುವುದಿಲ್ಲ. ಪೌಸಾನಿಯಸನೇ ಅದರ ಹೊರಗಿನ ಶಿಲ್ಪಕ್ಕೆ ಒಂದೆರಡು ವಾಕ್ಯ ಕೊಟ್ಟು ಒಳಗಿನ ವಿಗ್ರಹದ ಕಡೆ ನಡೆದುಬಿಡುತ್ತಾನೆ. ಇವತ್ತು ಲೋಕವೆಲ್ಲ ಕೊಂಡಾಡುವ ಮೆರವಣಿಗೆಯ ಶಿಲ್ಪಪಟ್ಟಿಯ ಸುದ್ದಿಯೇ ಅವನಲ್ಲಿಲ್ಲ. ಹೇಳಬೇಕಾದ ಮಾತು ಬೇರೆಯಿದೆ. ಈ ಗುಡಿ ಅಥೀನೆಯ ದೇವಾಲಯವಾಗಿ ಸುಮಾರು ಸಾವಿರ ವರ್ಷ, ಕ್ರೈಸ್ತರ ಮಾತೆ ಮರಿಯಳ ಚರ್ಚಾಗಿ ಮತ್ತೊಂದು ಸಾವಿರ ವರ್ಷದ ಹತ್ತಿರ, ತುರ್ಕರ ಆಳ್ವಿಕೆಯಲ್ಲಿ ಮಸೀದಿಯಾಗಿ ಕೆಲವು ಶತಮಾನ ಬಾಳಿತು. ಹದಿನೇಳನೆಯ ಶತಮಾನದ ತುರ್ಕಿ ಪ್ರವಾಸಿ ಎವ್ಲಿಯಾ ಚೆಲೆಬಿ ಈ ಮಸೀದಿಯನ್ನು ಕಂಡು ಬೆರಗಾದವನು. ೧೬೮೭ರ ಸೆಪ್ಟೆಂಬರ್ ೨೬ರಂದು ವೆನಿಸಿನವರ ಗುಂಡು ತುರ್ಕರು ಒಳಗಿಟ್ಟಿದ್ದ ಮದ್ದಿಗೆ ತಾಗಿ ನಡುಭಾಗ ಸಿಡಿಯಿತು. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಎಲ್ಗಿನ್ ಪ್ರಭು ಶಿಲ್ಪಗಳನ್ನು ಕಳಚಿ ಸಾಗಿಸಿದ. ೧೮೧೬ರಲ್ಲಿ ಬ್ರಿಟಿಷ್ ಸರ್ಕಾರ ಅವನ್ನು ಕೊಂಡಿತು. ಇದೆಲ್ಲ ಎಲ್ಲರೂ ಬಲ್ಲ ಕಥೆ.

ಎಲ್ಲರೂ ಹೇಳದ ಕಥೆ ಅದರ ಮುಂದಿನದು. ಗ್ರೀಸ್ ಸ್ವತಂತ್ರವಾದ ಮೇಲೆ ಬೆಟ್ಟವನ್ನು ‘ಶುದ್ಧ’ ಮಾಡುವ ಹುಮ್ಮಸ್ಸು ಹುಟ್ಟಿತು. ಸಿಡಿದ ಗುಡಿಯೊಳಗೆ ಅನಂತರ ಎದ್ದಿದ್ದ ಚಿಕ್ಕ ಮಸೀದಿ ಹೋಯಿತು. ಸುತ್ತಲಿನ ಮನೆಗಳು ಹೋದವು. ಮಧ್ಯಯುಗದ ಒಂದು ಎತ್ತರದ ಗೋಪುರವನ್ನು, ಟ್ರಾಯ್ ನಗರವನ್ನು ಅಗೆದ ಶ್ಲೀಮನ್ನನ ಖರ್ಚಿನಲ್ಲಿ, ೧೮೭೫ರಲ್ಲಿ ಕೆಡವಿದರು. ಹೀಗೆ ಎರಡು ಸಾವಿರ ವರ್ಷದ ಬದುಕನ್ನು ಕೆರೆದು ತೆಗೆದು ಪೆರಿಕ್ಲೀಸನ ಕಾಲದ ಕೆಲವು ದಶಕಗಳನ್ನು ಮಾತ್ರ ಉಳಿಸಿಕೊಂಡರು. ಪುರಾಣ ಕಟ್ಟುವವರು ಗೈಡುಗಳು ಮಾತ್ರವೇ ಅಲ್ಲ. ಸರ್ಕಾರಗಳೂ ವಿದ್ವಾಂಸರೂ ಕಟ್ಟುತ್ತಾರೆ, ಹಾರೆ ಗುದ್ದಲಿ ಹಿಡಿದು ಕಟ್ಟುತ್ತಾರೆ. ೨೦೦೯ರಲ್ಲಿ ತೆರೆದ ಹೊಸ ವಸ್ತುಸಂಗ್ರಹಾಲಯದಲ್ಲಿ ಈ ಬುದ್ಧಿ ಸ್ವಲ್ಪ ತಿದ್ದಿಕೊಂಡಂತೆ ಕಾಣುತ್ತದೆ. ಅದರ ಅಡಿಯಲ್ಲಿ ಸಿಕ್ಕ ಹಳೆಯ ಕೇರಿಯನ್ನು ಹಾಗೆಯೇ ಬಿಟ್ಟು ಮೇಲೆ ಗಾಜಿನ ನೆಲ ಹಾಸಿದ್ದಾರೆ. ನನ್ನ ಪತ್ನಿಗೆ ಆ ಗಾಜಿನ ಮೇಲೆ ಕಾಲಿಡಲು ಧೈರ್ಯ ಬರಲಿಲ್ಲ. ಗೋಡೆಯ ಪಕ್ಕದಲ್ಲೇ ನಡೆದು ಬಂದಳು.

ಸಂಜೆಯ ಹೊತ್ತಿಗೆ ನಾವು ಬೆಟ್ಟದ ದಕ್ಷಿಣದ ಇಳಿಜಾರಿನಲ್ಲಿರುವ ಡಯೊನೈಸಸನ ರಂಗಮಂದಿರದಲ್ಲಿ ಕುಳಿತಿದ್ದೆವು. ಕನ್ನಡದ ಮೇಷ್ಟರಾದವರಿಗೆ ಅಥೆನ್ಸಿನಲ್ಲಿ ಯಾತ್ರಾಸ್ಥಳವೆಂಬುದಿದ್ದರೆ ಅದು ಇದೇ. ಈಗಿರುವ ಕಲ್ಲಿನ ಆಸನಗಳು ಕ್ರಿ.ಪೂ. ನಾಲ್ಕನೆಯ ಶತಮಾನದವು ಮತ್ತು ಈಚಿನವು; ಈಸ್ಕಿಲಸನ ಕಾಲದಲ್ಲಿ ಇದ್ದದ್ದು ಮರದ ಹಲಗೆಗಳು. ಕ್ರಿ.ಪೂ. ೪೭೨ರಲ್ಲಿ ಇಲ್ಲಿ ಅವನ ‘ಪಾರಸಿಕರು’ ನಾಟಕ ಪ್ರಯೋಗವಾಯಿತು. ಮೇಳದ ಖರ್ಚನ್ನು ಹೊತ್ತವನು ಆಗಿನ್ನೂ ತರುಣನಾಗಿದ್ದ ಪೆರಿಕ್ಲೀಸ್. ಲೆಕ್ಕಹಾಕಿ ನೋಡಿ: ಊರು ಸುಟ್ಟು ಎಂಟೇ ವರ್ಷ. ನೋಡುತ್ತಿದ್ದವರಲ್ಲಿ ಎಷ್ಟೋ ಮಂದಿ ಸಲಾಮಿಸಿನಲ್ಲಿ ಹುಟ್ಟು ಹಾಕಿದವರು, ಮಕ್ಕಳನ್ನು ಕಳೆದುಕೊಂಡವರು. ಅವರ ಬೆನ್ನ ಹಿಂದೆ, ಬಂಡೆಯ ಮೇಲೆ, ಸುಟ್ಟ ಗುಡಿ. ಎದುರಿಗಿನ ರಂಗದ ಮೇಲೆ ಇರುವುದಾದರೂ ಯಾರು? ಅದನ್ನು ಸುಟ್ಟವನ ತಾಯಿ. ಮಗನಿಗಾಗಿ ಕಾದು ಕುಳಿತ ತಾಯಿ, ಗೋಳಾಡುವ ಮುದುಕರು, ಹರಿದ ಬಟ್ಟೆಯಲ್ಲಿ ಮನೆಗೆ ಬಂದ ಸೋತ ಅರಸು. ನಾಟಕದಲ್ಲಿ ಗೆದ್ದವರ ಕಡೆಯ ಪಾತ್ರ ಒಂದೂ ಇಲ್ಲ. ಆ ವರ್ಷ ಈಸ್ಕಿಲಸನಿಗೆ ಮೊದಲ ಬಹುಮಾನ ಬಂತು.

ಇದಕ್ಕೆ ಎದುರಾಗಿ ಆಕೆ ಇನ್ನೊಂದು ಸಂಗತಿಯನ್ನು ಹೇಳಿದರು, ಹೆರೊಡೋಟಸನಲ್ಲಿ ಇರುವುದು. ಅಥೆನ್ಸಿನ ನಂಟರಾದ ಮಿಲೀಟಸ್ ನಗರವನ್ನು ಕ್ರಿ.ಪೂ. ೪೯೪ರಲ್ಲಿ ಪಾರಸಿಕರು ನಾಶಮಾಡಿದ್ದರು. ಫ್ರೈನಿಕಸ್ ಎಂಬ ಕವಿ ಅದನ್ನೇ ನಾಟಕ ಮಾಡಿದಾಗ ರಂಗಮಂದಿರವೆಲ್ಲ ಅತ್ತುಬಿಟ್ಟಿತಂತೆ. ಜನ ಅವನಿಗೆ ಬಹುಮಾನ ಕೊಡಲಿಲ್ಲ. ನಮ್ಮ ದುಃಖವನ್ನು ನಮಗೇ ನೆನಪಿಸಿದೆಯೆಂದು ೧೦೦೦ ದ್ರಾಕ್ಮ ದಂಡ ಹಾಕಿ, ಇನ್ನು ಯಾರೂ ಆ ನಾಟಕವನ್ನು ಆಡಕೂಡದೆಂದು ವಿಧಿಸಿದರು. ತಮ್ಮವರ ಸಂಕಟವನ್ನು ನೋಡಲಾರದ ಅದೇ ಊರು ಶತ್ರುವಿನ ಸಂಕಟವನ್ನು ನೋಡಿ ಮೆಚ್ಚಿತು. ಶತ್ರು ಅಳುವುದನ್ನು ಕಂಡು ಹಿಗ್ಗಿದರೆಂದು ಹೇಳುವವರಿದ್ದಾರೆ. ಹಿಗ್ಗಿದವರೂ ಇದ್ದಿರಬಹುದು. ಆದರೆ ಹಿಗ್ಗಿಸಲೆಂದೇ ಬರೆಯುವ ಕವಿ ಶತ್ರುವಿನ ತಾಯಿಯ ಬಾಯಲ್ಲಿ ಅಂಥ ಮಾತುಗಳನ್ನಿಡುವುದಿಲ್ಲ ಎಂದು ನನ್ನ ಅಭಿಪ್ರಾಯ.

ಆಗ ನಾನು ಆಕೆಗೆ ನಮ್ಮ ಬಿ. ಎಂ. ಶ್ರೀಕಂಠಯ್ಯನವರ ವಿಷಯ ಹೇಳಿದೆ. ಶ್ರೀಯವರು ಸಾಫೊಕ್ಲೀಸನ ‘ಏಜಾಕ್ಸ್’ ನಾಟಕವನ್ನು ೧೯೨೯ರಲ್ಲಿ ‘ಅಶ್ವತ್ಥಾಮನ್’ ಆಗಿ ಮಾರ್ಪಡಿಸಿದರು. ಗ್ರೀಕ್ ವೀರನಿಗೆ ಮಹಾಭಾರತದಲ್ಲಿ ಮೈ ಕೊಟ್ಟರು. ಆದರೆ ೧೯೩೫ರ ‘ಪಾರಸಿಕರು’ ಕನ್ನಡಕ್ಕೆ ಬಂದಾಗ ಅಲ್ಲಿನ ಜನ ಅಲ್ಲಿನವರಾಗಿಯೇ ಉಳಿದರು. ಅವರನ್ನು ನಮ್ಮ ಪುರಾಣಕ್ಕೆ ತರುವ ಅಗತ್ಯ ಅವರಿಗೆ ತೋರಲಿಲ್ಲವೇನೋ. ಸೋತ ಶತ್ರುವಿನ ದುಃಖವನ್ನು ಕನ್ನಡ ಅದಕ್ಕೂ ಮುಂಚೆ ಹಾಡಿತ್ತು. ಚಾಲುಕ್ಯರ ಸತ್ಯಾಶ್ರಯನ ಆಸ್ಥಾನದಲ್ಲಿ, ಆ ದೊರೆಯನ್ನೇ ಭೀಮನೊಡನೆ ಹೋಲಿಸಿ ಕಾವ್ಯ ಕಟ್ಟಿದ ರನ್ನ, ದುರ್ಯೋಧನನನ್ನು ರಣರಂಗದ ಹೆಣಗಳ ನಡುವೆ ಒಂಟಿಯಾಗಿ ನಡೆಸುತ್ತಾನೆ. ದ್ರೋಣ, ದುಶ್ಶಾಸನ, ಕರ್ಣರ ಮುಂದೆ ಮಾತ್ರವಲ್ಲ, ವೈರಿಯ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ಅವನನ್ನು ನಿಲ್ಲಿಸುತ್ತಾನೆ. ಆ ‘ಗದಾಯುದ್ಧ’ವನ್ನು ೧೯೨೬ರಲ್ಲಿ ನಾಟಕರೂಪಕ್ಕೆ ತಂದವರೂ ಶ್ರೀಯವರೇ. ಅವರ ಬುದ್ಧಿ ರನ್ನನಿಂದ ಈಸ್ಕಿಲಸನ ಕಡೆಗೆ ನಡೆದ ದಾರಿ ಕಾಲುಹಾದಿಯಷ್ಟು ಸ್ಪಷ್ಟವಾಗಿದೆ.

ಆಕೆ ತನ್ನ ಪುಟ್ಟ ಟಿಪ್ಪಣಿ ಪುಸ್ತಕವನ್ನು ತೆಗೆದು, ರನ್ನ, ಶ್ರೀಕಂಠಯ್ಯ ಎಂಬ ಎರಡು ಹೆಸರುಗಳನ್ನು ನನ್ನ ಬಾಯಿಂದ ಅಕ್ಷರ ಅಕ್ಷರವಾಗಿ ಹೇಳಿಸಿಕೊಂಡು ಗ್ರೀಕ್ ಲಿಪಿಯಲ್ಲಿ ಬರೆದುಕೊಂಡರು. ಇನ್ನು ಮುಂದೆ ಇಂಡಿಯಾದಿಂದ ಯಾರಾದರೂ ಬಂದರೆ ಈ ಕಲ್ಲಿನ ಮೇಲೆ ಕೂರಿಸಿ ಇದನ್ನೂ ಹೇಳುವೆನೆಂದರು. ಅಷ್ಟರಲ್ಲಿ ಕಾವಲುಗಾರರು ಸೀಟಿ ಊದತೊಡಗಿದರು, ಮುಚ್ಚುವ ಹೊತ್ತಾಗಿತ್ತು.